ನಡುಮೇಡಿಗೆ ಹೋಗುವವರ ಗಮನಕ್ಕೆ

ಇಲಾಖೆಗೆ ಹೊಸದಾಗಿ ಸೇರಿದವರು ಮನೆಗೆ ಬಂದರೆ ನನ್ನನ್ನು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಕೊನೆಗೆ ಯಾವ ಹುದ್ದೆಗೆ ಏರಿದಿರಿ ಸಾರ್? ನಿಮಗೆ ಜೀಪು ಕೊಟ್ಟಿದ್ದರಾ ಸಾರ್? ಹುದ್ದೆಯ ಹೆಸರು ನನಗೇ ಪೂರ್ತಿ ನೆನಪಿಲ್ಲ, ಅದು ಪಿಂಚಣಿ ಪುಸ್ತಕದಲ್ಲಿ ಇದೆ. ಜೀಪು ಇರಲಿಲ್ಲ. ಪರಿಸಲ್ ಇತ್ತು. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಅದರಲ್ಲಿ ಕೂರುವುದನ್ನು ಕಲಿತದ್ದೇ ನನ್ನ ಮೊದಲ ಬಡ್ತಿ ಎಂದು ಹೇಳಿದರೆ ಅವರು ನಗುತ್ತಾರೆ. ನಗಲಿ. ನಾನೂ ಆ ವಯಸ್ಸಿನಲ್ಲಿ ಹೀಗೆಯೇ ನಕ್ಕಿದ್ದೆ, ಆಮೇಲೆ ನೀರಿಗೆ ಬಿದ್ದೆ.

ಐವತ್ತರ ದಶಕದಲ್ಲಿ ನಾನು ಕೋಯಮತ್ತೂರು ಜಿಲ್ಲೆಯ ಕೈಮಗ್ಗದ ಕಚೇರಿಯೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನೇಕಾರರ ಊರೂರಿಗೆ ಹೋಗಿ ಹೊಸ ವಿಧಾನಗಳನ್ನು ಮಾಡಿ ತೋರಿಸುವುದು ಕೆಲಸ. ಹುಟ್ಟಿದ್ದು ಕರುಮತ್ತಂಪಟ್ಟಿ ಹತ್ತಿರದ ನೇಕಾರರ ಬೀದಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಕೊಳ್ಳೇಗಾಲದಿಂದ ಬಂದ ಹೆಂಡತಿಯ ಕೈಯಲ್ಲಿ. ಈ ಬರಹದ ಕಾಗುಣಿತವನ್ನು ಅವಳೇ ತಿದ್ದಿದ್ದಾಳೆ. ಸಂಗತಿಗಳನ್ನೂ ತಿದ್ದಲು ಹೊರಟಿದ್ದಳು, ಅದಕ್ಕೆ ನಾನು ಬಿಡಲಿಲ್ಲ.

ನಡುಮೇಡು ಮೊದಲು ದ್ವೀಪವಾಗಿರಲಿಲ್ಲ. ಸಿರುಮುಗೈಗೆ ಕೆಳಗೆ, ಭವಾನಿ ಹೊಳೆಯಿಂದ ಒಂದು ಕೂಗಳತೆ ದೂರದ ದಿಬ್ಬ ಅದು. ದಿಬ್ಬದ ಮೇಲೆ ಹನ್ನೊಂದು ಮನೆ, ಮನೆಗೊಂದು ಮಗ್ಗ, ಎಲ್ಲರೂ ನಮ್ಮಂತೆ ಮನೆಯಲ್ಲಿ ಕನ್ನಡ ಆಡುವ ನೇಕಾರರು. ದಿಬ್ಬದ ಬುಡದಲ್ಲಿ ಗೆರೆ ಎಳೆದಷ್ಟು ನೇರವಾದ ಒಂದು ಬೀದಿ. ಕೆಳಗಡೆ ಹೊಸ ಅಣೆಕಟ್ಟು ಕಟ್ಟಿ ಮೊದಲ ಸಲ ನೀರು ತುಂಬಿದ ವರ್ಷ ಹಿನ್ನೀರು ಬಂದು ದಿಬ್ಬವನ್ನು ಸುತ್ತಿಕೊಂಡಿತು. ಮನೆಗಳು ಉಳಿದವು, ಬೀದಿ ಮುಳುಗಿತು. ವರ್ಷದಲ್ಲಿ ಎಂಟು ತಿಂಗಳು ಅದು ದ್ವೀಪ. ಅಂಗಡಿ ಇಲ್ಲ, ಅಂಚೆ ಇಲ್ಲ, ವೈದ್ಯರಿಲ್ಲ, ಕಾಫಿ ಕ್ಲಬ್ಬು ಇಲ್ಲ. ಅಂಥ ಊರಿಗೆ ನನ್ನನ್ನು ಹಾಕಿದ್ದು ಕಚೇರಿಯಲ್ಲಿ ಬೇರೆ ಯಾರೂ ಒಪ್ಪದಿದ್ದುದರಿಂದ.

ಈಗ ಉಪಯೋಗದ ಮಾತಿಗೆ ಬರುತ್ತೇನೆ. ನಾನಿದ್ದ ಪೀಳಮೇಡಿನ ಕೋಣೆಯಿಂದ ಮೊದಲ ಬಸ್ಸಿಗೆ ಹೊರಡಬೇಕು. ಅನ್ನೂರಿನಲ್ಲಿ ಇಳಿದು ಇಡ್ಲಿ ತಿನ್ನಬೇಕು, ಹಸಿವಿಲ್ಲದಿದ್ದರೂ ತಿನ್ನಬೇಕು, ಏಕೆಂದರೆ ಆಮೇಲೆ ಹಣ ಕೊಟ್ಟರೂ ಏನೂ ಸಿಗುವುದಿಲ್ಲ. ಸಿರುಮುಗೈ ಬಸ್ಸು ಇಳಿದು ಹೊಲಗಳ ಬದುವಿನ ಮೇಲೆ ಒಂದು ಗಂಟೆ ನಡೆದರೆ ದಡ. ಚಪ್ಪಲಿ ಕೈಯಲ್ಲಿರಲಿ. ಬೆಂಕಿಪೊಟ್ಟಣವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ಪರಿಸಲಿನಲ್ಲಿ ನಡುಮಧ್ಯೆ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ, ಅಂಚು ಹಿಡಿಯಬೇಡಿ, ಮಾತಾಡಬಹುದು ಆದರೆ ಕೈ ಬೀಸಿ ಮಾತಾಡಬೇಡಿ. ಎಲ್ಲಕ್ಕಿಂತ ಮುಖ್ಯ, ಎಷ್ಟೇ ಬಿಸಿಲಿದ್ದರೂ ಕೊಡೆ ಬಿಚ್ಚಬೇಡಿ.

ನಾನು ಬಿಚ್ಚಿದ್ದೆ. ಪರಿಸಲ್ ನಡೆಸುವ ಮಾರಿಮುತ್ತು ಮುದುಕ, ಮಿತಭಾಷಿ, ತಮಿಳಿನವನು. "ಕುಡೆಯೆ ಮಡಕ್ಕುಂಗ" ಎಂದು ಒಂದೇ ಸಲ ಹೇಳಿದ. ಕೊಡೆ ಮಡಿಸು ಎಂದು ಒಬ್ಬ ಅಂಬಿಗ ಸರ್ಕಾರಿ ನೌಕರನಿಗೆ ಹೇಳುವುದೆಂದರೇನು ಎಂದುಕೊಂಡು ನಾನು ಕೇಳಿಸದವನಂತೆ ಕೂತೆ. ಗಾಳಿ ಕೊಡೆಗೆ ಹೊಕ್ಕಿತು. ಪರಿಸಲ್ ಬುಗುರಿಯಂತೆ ಮೂರು ಸುತ್ತು ತಿರುಗಿತು. ನಾಲ್ಕನೆಯ ಸುತ್ತಿಗೆ ನಾನು ಒಳಗಿರಲಿಲ್ಲ. ಮಾರಿಮುತ್ತು ನನ್ನನ್ನು ಅಂಗಿಯ ಕಾಲರು ಹಿಡಿದು ಎತ್ತಿಕೊಂಡ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆ ಕೊಡೆ ಇವತ್ತಿಗೂ ಹಿನ್ನೀರಿನ ತಳದಲ್ಲಿದೆ. ಅಲ್ಲಿಯ ಮೀನುಗಳು ನೆರಳಿನಲ್ಲಿ ಸುಖವಾಗಿರಲಿ.

ಆದರೆ ಕೊಡೆಗಿಂತ ಮುಂಚಿನ ಪೆದ್ದುತನ ಇನ್ನೂ ದೊಡ್ಡದು. ದಡದಲ್ಲಿ ಒಂದು ತಾಳೆಮರ ಇತ್ತು, ಅದಕ್ಕೆ ಒಂದು ಗಳು ಕಟ್ಟಿತ್ತು. ಪರಿಸಲ್ ಬೇಕಾದವರು ಗಳುವಿನ ತುದಿಗೆ ಬಟ್ಟೆ ಕಟ್ಟಿ ಕಾಯಬೇಕು ಎಂದು ಬದುವಿನಲ್ಲಿ ಯಾರೋ ಹೇಳಿದ್ದರು. ಯಾವ ಬಟ್ಟೆ ಎಂದು ನಾನು ಕೇಳಲಿಲ್ಲ. ಉಟ್ಟ ಪಂಚೆ ಬಿಚ್ಚುವಂತಿರಲಿಲ್ಲ. ಚೀಲದಲ್ಲಿ ಮಾದರಿಗೆಂದು ತಂದಿದ್ದ ರಕ್ತಗೆಂಪು ಬಣ್ಣದ ತುಂಡು ಇತ್ತು, ಅದನ್ನು ಕಟ್ಟಿದೆ. ದಿಬ್ಬದ ಮೇಲೆ ಗದ್ದಲವಾಯಿತು. ಒಂದಲ್ಲ, ಎರಡು ಪರಿಸಲ್ ಹೊರಟವು. ಆರು ಜನ ಗಂಡಸರು, ಒಂದು ಹಗ್ಗದ ಮಂಚ, ಎರಡು ಕಂಬಳಿ. ಮುಂದಿನ ಪರಿಸಲಿನಲ್ಲಿ ಸುಮಾರು ನಲವತ್ತರ ಹೆಂಗಸೊಬ್ಬರು ಶುಂಠಿ, ಓಮ, ಬಿಸಿನೀರಿನ ಚೆಂಬು ಎಲ್ಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಯಾರ್ಗೆ ಏನಾಯ್ತು ತಂಬಿ?" ಎಂದು ಇಳಿಯುವ ಮೊದಲೇ ಕೇಳಿದರು.

"ಯಾರಿಗೂ ಏನೂ ಆಗಿಲ್ಲ. ನಾನು ಡೆಮಾನ್‌ಸ್ಟ್ರೇಟರ್" ಎಂದೆ.

ಕೆಂಪು ಬಟ್ಟೆ ಎಂದರೆ ಪ್ರಾಣಕ್ಕೆ ಬಂದಿದೆ, ಇದ್ದವರೆಲ್ಲ ಬನ್ನಿ ಎಂದು ಅರ್ಥವಂತೆ. ಬಿಳಿ ಎಂದರೆ ಒಬ್ಬ ಬಂದಿದ್ದಾನೆ, ಬಿಡುವಾದಾಗ ಬನ್ನಿ. ಆ ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಆಮಾಂಗ, ಕಚೇರಿಯವ್ರು ಬಂದ್ರೆ ಅದೂ ಒಂದು ಕಷ್ಟಾನೇ. ಸರಿ, ಬಿಸಿನೀರು ಆರೋಗ್ತದೆ, ನೀನೇ ಕುಡಿ" ಎಂದು ಚೆಂಬು ನನ್ನ ಕೈಗೆ ಕೊಟ್ಟರು. ಆರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೇ ನಂಜಕ್ಕ. ಗಂಡ ತೀರಿಕೊಂಡ ಮೇಲೆ ಮಗ್ಗದ ಗುಂಡಿಗೆ ತಾವೇ ಇಳಿದು ನೇಯುತ್ತಿದ್ದವರು. ಆ ಊರಿನಲ್ಲಿ ಹೆಂಗಸರು ರಾಟೆ ಸುತ್ತುತ್ತಿದ್ದರು, ಮಗ್ಗಕ್ಕೆ ಕೂರುತ್ತಿದ್ದವರು ಇವರೊಬ್ಬರೇ.

ಇನ್ನೊಂದು ಸೂಚನೆ ಹೊಟ್ಟೆಗೆ ಸಂಬಂಧಿಸಿದ್ದು. ನಡುಮೇಡಿನಲ್ಲಿ ಹನ್ನೊಂದು ಮನೆಗಳಲ್ಲೂ ಸಜ್ಜೆಯ ಅಂಬಲಿ ಕೊಡುತ್ತಾರೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬೇಡ ಎಂದರೆ ಆ ಮನೆಯವರು ಮುಂದಿನ ನೀರು ಇಳಿಯುವವರೆಗೆ ಮಾತಾಡಿಸುವುದಿಲ್ಲ. ಮೊದಲ ದಿನ ನಾನು ಮೊದಲ ಮನೆಯಲ್ಲೇ ಎರಡು ಲೋಟ ಕುಡಿದುಬಿಟ್ಟೆ. ಏಳನೆಯ ಮನೆಯ ಹೊತ್ತಿಗೆ ಬಗ್ಗಿ ಮಗ್ಗ ನೋಡುವ ಶಕ್ತಿ ಇರಲಿಲ್ಲ, ನೆಟ್ಟಗೆ ನಿಂತೇ "ಚೆನ್ನಾಗಿದೆ, ಚೆನ್ನಾಗಿದೆ" ಎಂದೆ. ಪ್ರತಿ ಮನೆಯಲ್ಲೂ ಕಾಲು ಲೋಟ ಎಂದು ಮೊದಲೇ ಹೇಳಿಬಿಡಿ.

ಅಂಗಡಿಯಿಲ್ಲದ ಊರಾದ್ದರಿಂದ ಹೋಗಿಬರುವವನೇ ಅವರ ಅಂಗಡಿ. ಸೂಜಿ, ಬಾಚಣಿಗೆ, ಜೀರಿಗೆ, ಸೀಮೆಎಣ್ಣೆ ದೀಪದ ಬತ್ತಿ ಎಲ್ಲ ಹೇಳಿ ಕಳಿಸುತ್ತಾರೆ, ಒಂದನ್ನೂ ಮರೆಯಬೇಡಿ. ಊರಿನ ಹಿರಿಯ ಕರಿಯಪ್ಪನವರು ನನಗೆ ಹೇಳಿದ್ದು ಕನ್ನಡಕ. "ಯಾರದಾದ್ರೂ ಪರ್ವಾಗಿಲ್ಲ" ಎಂದರು. ನಮ್ಮಪ್ಪನ ಹಳೆಯ ಕನ್ನಡಕ ಒಯ್ದು ಕೊಟ್ಟೆ. ಹಾಕಿಕೊಂಡು ಒಂದು ನೂಲೆಳೆ ಹಿಡಿದು ನೋಡಿದರು. "ಅಡಡಾ, ಇದಕ್ಕೆ ಇಷ್ಟು ನಾರಿತ್ತಾ!" ಎಂದರು. ಅವತ್ತಿನಿಂದ ನಾನು ಬಿಟ್ಟ ಒಂದು ಗಂಟೂ ಅವರ ಕಣ್ಣಿಗೆ ತಪ್ಪಲಿಲ್ಲ. ಆ ಕನ್ನಡಕವನ್ನು ಯಾಕಾದರೂ ಕೊಟ್ಟೆನೋ ಎಂದು ಎಷ್ಟೋ ಸಲ ಅನಿಸಿದೆ.

ನಗು ಎಷ್ಟೇ ಇರಲಿ, ಹನ್ನೊಂದು ಮಗ್ಗಗಳೂ ಖಾಲಿ ನಿಂತಿದ್ದವು. ಕಾರಣ ಬೀದಿ.

ಇಂದಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಟ್ಟೆಯ ಉದ್ದದ ಎಳೆಗಳೆಲ್ಲ ಸೇರಿದರೆ ಹಾಸು, ನಮ್ಮ ಮಾತಿನಲ್ಲಿ ಪಾವು. ಅದಕ್ಕೆ ಗಂಜಿ ಹಾಕದೆ ನೇಯಲು ಆಗದು, ಎಳೆ ಪಟಪಟನೆ ಕಡಿಯುತ್ತದೆ. ಬೆಳಗಿನ ತಂಪಿನಲ್ಲಿ ಪಾವನ್ನು ಬೀದಿಯುದ್ದ ಬಿಗಿದು ಕಟ್ಟಿ, ಗಂಜಿ ಎರಚಿ, ಈ ಬದಿಗೊಬ್ಬರು ಆ ಬದಿಗೊಬ್ಬರು ಕುಂಚಿಗೆ ಎಂಬ ಉದ್ದನೆಯ ನಾರಿನ ಬ್ರಷ್ಷಿನ ಎರಡು ತುದಿ ಹಿಡಿದು ತುದಿಯಿಂದ ತುದಿಗೆ ಬಾಚಿಕೊಂಡು ಹೋಗಬೇಕು. ಬೀದಿಯವರೆಲ್ಲ ಕೈ ಹಾಕುವ ಕೆಲಸ ಅದು. ಗಂಜಿ ಮುಟ್ಟಿದ ಮೇಲೆ ಪಾವು ಒಣಗುವ ತನಕ ಯಾರೂ ಅದನ್ನು ದಾಟಬಾರದು, ಅಡಿಯಲ್ಲಿ ನುಸುಳಬಾರದು. ನೆಂಟ ಬಂದರೂ ಅತ್ತ ಇದ್ದವನು ಅತ್ತಲೇ. ಒಂದು ಪಾವು ಬಿಗಿಯಲು ಅರವತ್ತು ಮೊಳ ನೇರ ಜಾಗ ಬೇಕು. ದಿಬ್ಬದ ಮೇಲೆ ಮನೆಗಳು ಒತ್ತೊತ್ತಾಗಿ ಇದ್ದವು, ಓಣಿಗಳು ಹಾವಿನ ಹಾಗೆ ಸುತ್ತುತ್ತಿದ್ದವು, ಹತ್ತು ಮೊಳ ನೇರ ಜಾಗ ಎಲ್ಲೂ ಇರಲಿಲ್ಲ. ಆಚೆ ದಡದಲ್ಲಿ ಗಂಜಿ ಹಾಕಿ ಪರಿಸಲಿನಲ್ಲಿ ತಂದು ನೋಡಿದ್ದರು. ನೀರು ಸಿಡಿದು ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಗ್ಗವಾಗಿದ್ದವು.

ನನ್ನ ಮೇಲಿನವರು ವರದರಾಜುಲು ಎಂಬ ಸೂಪರ್‌ವೈಸರು. ಬಿಳಿ ಪ್ಯಾಂಟು, ಮಿರುಗುವ ಬೂಟು, ಜೇಬಿನಲ್ಲಿ ಎರಡು ಪೆನ್ನು. ಕೆಟ್ಟವರಲ್ಲ, ಆದರೆ ನೀರು ಕಂಡರೆ ಆಗದು. ಮೊದಲ ಸಲ ದಡಕ್ಕೆ ಬಂದವರು ತಾಳೆಮರವನ್ನು ತಬ್ಬಿಕೊಂಡೇ ದಿಬ್ಬವನ್ನು ನೋಡಿದರು. ಅವರು ಆಡಿದ್ದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಬೀದಿ ಎಲ್ಲಿ?"

"ನೀರಿನ ಕೆಳಗಿದೆ ಸಾರ್."

"ಬೀದಿಯಿಲ್ಲದ ಊರಿಗೆ ನೂಲು ಕಳಿಸಿ ಏನು ಮಾಡಲಪ್ಪ? ಒಂದು ತಿಂಗಳು ಕೊಡುತ್ತೇನೆ. ಅಷ್ಟರಲ್ಲಿ ಒಂದು ಮಗ್ಗಕ್ಕಾದರೂ ಪಾವು ಏರಿರಬೇಕು, ನಾನೇ ಬಂದು ನೋಡುತ್ತೇನೆ. ಇಲ್ಲದಿದ್ದರೆ ಊರನ್ನು ಪಟ್ಟಿಯಿಂದ ತೆಗೆದು ಮಗ್ಗಗಳನ್ನು ಸಿರುಮುಗೈಯ ನೇಯ್ಗೆ ಶೆಡ್ಡಿಗೆ ಸಾಗಿಸೋಣ. ಅವರಿಗೂ ಅದೇ ಒಳ್ಳೆಯದು."

ಈ ಮಾತನ್ನು ನಾನೇ ಹೋಗಿ ಹೇಳಬೇಕಾಯಿತು. ಗಂಡಸರು ತಲೆ ತಗ್ಗಿಸಿ ಕೂತರು. ನಂಜಕ್ಕ ಮಾತ್ರ ನನ್ನನ್ನು ತಮ್ಮ ಮನೆಯೊಳಗೆ ಕರೆದುಕೊಂಡು ಹೋಗಿ ಮಗ್ಗದ ಗುಂಡಿ ತೋರಿಸಿದರು. ಕಾಲು ಇಳಿಬಿಡುವ ಆ ಗುಂಡಿಯ ಅಂಚು ಮೂರು ತಲೆಮಾರಿನ ತೊಡೆ ತಾಗಿ ನುಣುಪಾಗಿತ್ತು.

"ಮಗ್ಗ ಹೊತ್ಕೊಂಡು ಹೋಗ್ಬೋದು ತಂಬಿ. ಗುಂಡಿ ಹೆಂಗೆ ಹೊರೋದು?" ಎಂದರು. "ಶೆಡ್ಡಲ್ಲಿ ಹೆಂಗಸಿಗೆ ಮಗ್ಗ ಕೊಡ್ತಾರಾ?" ಎಂದೂ ಕೇಳಿದರು. ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೊಸ ವಿಧಾನವೊಂದು ನನ್ನ ಚೀಲದಲ್ಲೇ ಇತ್ತು. ಪಾವು ಮಾಡುವ ಮೊದಲೇ ನೂಲನ್ನು ಲಡಿ ಲಡಿಯಾಗಿ ಗಂಜಿಯಲ್ಲಿ ಅದ್ದಿ ಒಣಗಿಸುವುದು. ಅದಕ್ಕೆ ಬೀದಿ ಬೇಡ, ಜನ ಬೇಡ, ಒಂದು ಹಂಡೆ ಸಾಕು. ತರಬೇತಿಯಲ್ಲಿ ನನಗೆ ಅದರಲ್ಲಿ ಒಳ್ಳೆಯ ಅಂಕ ಬಂದಿತ್ತು. ಇಡೀ ಊರು ಸುತ್ತ ಕೂತು ನೋಡುತ್ತಿರುವಾಗ ಗಂಜಿ ಕಾಯಿಸಿದೆ, ಎಣ್ಣೆ ಬೆರೆಸಿದೆ, ಲಡಿಗಳನ್ನು ಅದ್ದಿ ಹಿಂಡಿ ಬಿದಿರ ಗಳುಗಳ ಮೇಲೆ ಸಾಲಾಗಿ ಇಳಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಒಣಗುವವರೆಗೆ ಎಲ್ಲರೂ ಊಟಕ್ಕೆ ಹೋದೆವು.

ನೀರು ಸುತ್ತುವರಿದು ಮೇವು ಕಡಿಮೆಯಾದ ದ್ವೀಪದಲ್ಲಿ ಇಪ್ಪತ್ತು ಆಡುಗಳಿವೆ ಎಂಬುದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ನಾವು ತಿರುಗಿ ಬರುವಷ್ಟರಲ್ಲಿ ಅವು ಹಿಂಗಾಲಿನ ಮೇಲೆ ನಿಂತು ಗಂಜಿ ನೆಕ್ಕುವುದನ್ನು ಮುಗಿಸಿ ನೂಲಿಗೇ ಬಾಯಿ ಹಾಕಿದ್ದವು. ಒಂದು ಹೋತ ಅರ್ಧ ಲಡಿ ಬಾಯಿಂದ ಇಳಿಬಿಟ್ಟುಕೊಂಡು ಗಡ್ಡದ ಸ್ವಾಮಿಯ ಹಾಗೆ ಗಂಭೀರವಾಗಿ ನನ್ನನ್ನೇ ನೋಡುತ್ತಿತ್ತು. ಕರಿಯಪ್ಪನವರು ಕನ್ನಡಕ ಸರಿಮಾಡಿಕೊಂಡು, "ಈ ಹೊಸ ಪದ್ಧತಿ ಆಡಿಗೆ ಪಿಡಿಚ್ಚಿದೆ ತಂಬಿ" ಎಂದರು. ಉಳಿದ ಲಡಿಗಳಲ್ಲಿ ಪಾವು ಮಾಡಿದ್ದೇನೋ ಹೌದು. ಹಿನ್ನೀರಿನ ತೇವಕ್ಕೆ ಗಂಜಿ ಹುಳಿತು ಎಳೆ ಹಳಸಿ ಒಂದು ಗೇಣು ನೇಯುವಷ್ಟರಲ್ಲಿ ನೂರು ಕಡೆ ಕಡಿಯಿತು. ಹೊಸ ವಿಧಾನ ಕೆಟ್ಟದ್ದಲ್ಲ, ಮುಂದೆ ನೂರಾರು ಊರಿನಲ್ಲಿ ನಾನೇ ಕಲಿಸಿದ್ದೇನೆ. ಆದರೆ ಊರಿನ ಗಾಳಿ ನೋಡದೆ ಹಂಡೆ ಹೊತ್ತಿಸಿದ್ದು ನನ್ನ ತಪ್ಪು. ತಿಂಗಳಲ್ಲಿ ಹದಿನೆಂಟು ದಿನ ಹೀಗೆ ಕಳೆದವು.

ಹತ್ತೊಂಬತ್ತನೆಯ ದಿನ ಏನು ಮಾಡಲೂ ತೋಚದೆ ನಂಜಕ್ಕನ ಮನೆಯ ಮುಂದೆ ಕೂತಿದ್ದೆ. ಅವರು ಹೊಸ್ತಿಲ ಬಳಿ ಕೂತು ರಾಟೆ ಸುತ್ತುತ್ತಿದ್ದರು. ಬೇಜಾರಾಗಲ್ವಾ ಅಕ್ಕ ಈ ಊರಿನಲ್ಲಿ ಎಂದು ಸುಮ್ಮನೆ ಕೇಳಿದೆ.

"ಬೇಜಾರು ಎಂಗೆ? ಇಲ್ಲಿ ಕುಂತ್ರೆ ಈ ಕಡೆಯೂ ನೀರು ಕಾಣ್ತದೆ, ಆ ಕಡೆಯೂ ನೀರು ಕಾಣ್ತದೆ. ಒಂದು ಕಡೆ ಕೊಕ್ಕರೆ, ಒಂದು ಕಡೆ ಮಾರಿಮುತ್ತು. ತಿರುಗಿ ನೋಡಿದ್ರೆ ಆಯ್ತು" ಎಂದರು.

ನಾನು ಅವರ ಪಕ್ಕದಲ್ಲಿ ಕೂತು ನೋಡಿದೆ. ಮುಂಬಾಗಿಲಿಗೆ ನೇರವಾಗಿ ಹಿಂಬಾಗಿಲು. ನಮ್ಮ ನೇಕಾರರ ಮನೆಗಳನ್ನು ಕಟ್ಟುವುದೇ ಹಾಗೆ. ಹಿಂಬಾಗಿಲಿನಾಚೆ ಒಂದಿಷ್ಟು ಅಂಗಳ, ಅದರಾಚೆ ಪಕ್ಕದ ಮನೆಯ ಬಾಗಿಲು, ಅದರೊಳಗಿಂದ ಇನ್ನೊಂದು ಬಾಗಿಲು, ಅದರಾಚೆ ಕರಿಯಪ್ಪನವರ ಮನೆ, ಅದರಾಚೆ ನಾಲ್ಕನೆಯದು, ಕಡೆಯ ಬಾಗಿಲಿನ ಚೌಕಟ್ಟಿನೊಳಗೆ ಬೆಳ್ಳಗೆ ಹಿನ್ನೀರು. ನಾಲ್ಕು ಮನೆ, ಎಂಟು ಬಾಗಿಲು, ಒಂದೇ ಗೆರೆ.

"ಅಕ್ಕಾ, ಒಂದು ಹಗ್ಗ ಕೊಡಿ" ಎಂದೆ. ಅವರು ನನ್ನ ಮುಖ ನೋಡಿದರು, ಬಾಗಿಲುಗಳನ್ನು ನೋಡಿದರು, ರಾಟೆ ಬಿಟ್ಟು ಎದ್ದೇಬಿಟ್ಟರು. ಇಬ್ಬರೂ ಹಗ್ಗ ಹಿಡಿದು ನಾಲ್ಕು ಮನೆಯ ಒಲೆ, ತೊಟ್ಟಿಲು, ಮಲಗಿದ್ದ ಬೆಕ್ಕು ಎಲ್ಲ ದಾಟಿಕೊಂಡು ಅಳೆದೆವು. ಅರವತ್ತೆರಡು ಮೊಳ. ನಂಜಕ್ಕ ಹಗ್ಗದ ಆ ತುದಿಯಿಂದ ಕೂಗಿದ ಕೂಗಿಗೆ ಮಾರಿಮುತ್ತು ಯಾರೋ ಮುಳುಗಿದರೆಂದು ಪರಿಸಲ್ ತಿರುಗಿಸಿಕೊಂಡು ಬಂದ.

ತೊಡಕು ಒಂದು ಉಳಿದಿತ್ತು. ಬಾಗಿಲುಗಳ ಅಗಲ ಎರಡು ಮೊಳಕ್ಕೆ ಒಂದು ಗೇಣು ಕಡಿಮೆ. ಸೀರೆಯ ಪಾವು ಅದರಲ್ಲಿ ಹಿಡಿಸದು, ಟವಲಿನ ಪಾವಾದರೆ ಹಿಡಿಸುತ್ತದೆ. ಕರಿಯಪ್ಪನವರಿಗೆ ಸಿಟ್ಟು ಬಂತು. "ಸೀರೆ ನೇಯ್ದ ಕೈಯಲ್ಲಿ ಮುಖ ಒರಸೋ ತುಂಡು ನೇಯೋದಾ? ನನ್ನ ತಾತ ನೋಡಿದ್ರೆ ಏನಂದಾನು?"

"ನಿಮ್ಮ ತಾತ ಬೀದೀಲಿ ಗಂಜಿ ಹಾಕ್ದ ಮಾವ, ನೀರಲ್ಲಿ ಹಾಕ್ಲಿಲ್ಲ" ಎಂದರು ನಂಜಕ್ಕ. "ನೀರು ಇಳಿದ ನಾಲ್ಕು ತಿಂಗಳು ಸೀರೆ ನೇಯಿ, ಬೇಡ ಅಂದೋರು ಯಾರು? ಈಗ ಮುಖ ಒರಸಿಕೊಳ್ಳೋಕೆ ನಮಗೇ ಒಂದು ತುಂಡು ಬೇಕಾಗಿದೆ." ಮುದುಕರು ಎರಡು ದಿನ ಮುನಿಸಿಕೊಂಡು ಕೂತರು. ಮೂರನೆಯ ದಿನ ತಮ್ಮ ಮನೆಯ ಬಾಗಿಲಿನ ರೆಕ್ಕೆಗಳನ್ನು ತಾವೇ ಕಳಚಿ ಗೋಡೆಗೆ ಒರಗಿಸಿದರು.

ಪಾವು ಬಿಗಿದ ದಿನ ಬೆಳಗಾಗುವಾಗಲೇ ಊರು ಎದ್ದಿತ್ತು. ಮಸಿ ತಾಗಬಾರದೆಂದು ಆ ನಾಲ್ಕು ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಆಡುಗಳನ್ನೆಲ್ಲ ದೂರ ಕಟ್ಟಿದ್ದರು, ಗಡ್ಡದ ಹೋತಕ್ಕೆ ಎರಡು ಹಗ್ಗ. ಬಿಳಿ ಪಾವು, ಅಂಚುಗಳಲ್ಲಿ ನಾಲ್ಕು ಬೆರಳು ಕೆಂಪು, ಎಂಟು ಬಾಗಿಲುಗಳ ನಡುವೆ ಬಿಗಿದು ನಿಂತಾಗ ನನಗೆ ಕಣ್ಣು ತುಂಬಿಬಂತು. ಇನ್ನೇನು ಗಂಜಿ ಎತ್ತಬೇಕು, ಅಷ್ಟರಲ್ಲಿ ಮಾರಿಮುತ್ತುವಿನ ಹಿಂದೆ ಬಿಳಿ ಪ್ಯಾಂಟು ಕಾಣಿಸಿತು. ತಿಂಗಳು ತುಂಬಲು ಇನ್ನೂ ಐದು ದಿನ ಇತ್ತು. ವರದರಾಜುಲು ಹಿಂದಿನ ದಿನವೇ ಸಿರುಮುಗೈಗೆ ಬಂದು ತಂಗಿದ್ದರಂತೆ. ಪರಿಸಲಿನಲ್ಲಿ ಕಣ್ಣು ಮುಚ್ಚಿಕೊಂಡೇ ಬಂದಿರಬೇಕು, ಮುಖ ಗಂಜಿಗಿಂತ ಬಿಳಿಚಿತ್ತು.

ಕರಿಯಪ್ಪನವರ ಹೆಂಡತಿ ಅವರ ಸ್ಥಿತಿ ನೋಡಿ ಮರುಗಿದರು. "ವಾಂಗ ಸಾಮಿ, ಕುಂತ್ಕೊಳ್ಳಿ, ಮಜ್ಜಿಗೆ ಕೊಡ್ತೀನಿ" ಎಂದು ಪಾವಿನ ಅಡಿಯಲ್ಲಿ ಬಗ್ಗಿಸಿ ತಮ್ಮ ಮನೆಯ ಆಚೆ ಬದಿಯ ಮೂಲೆಯ ಮಣೆಯ ಮೇಲೆ ಕೂರಿಸಿ, ಮಜ್ಜಿಗೆ ತರಲು ಹೊರಗೆ ಬಂದರು. ಇನ್ನೂ ಗಂಜಿ ಮುಟ್ಟಿರಲಿಲ್ಲ, ಹಾಗಾಗಿ ಬಗ್ಗಿ ಹೋದದ್ದು ತಪ್ಪಲ್ಲ. ಆದರೆ ಅಷ್ಟರಲ್ಲಿ ಎರಡನೆಯ ಮನೆಯಲ್ಲಿ ನಂಜಕ್ಕ ಗಂಜಿ ಎರಚಿಯಾಗಿತ್ತು. ಮಜ್ಜಿಗೆ ಹೊರಗೇ ಉಳಿಯಿತು, ಸೂಪರ್‌ವೈಸರು ಒಳಗೇ ಉಳಿದರು.

"ನಾನು ಒಂಬತ್ತು ಗಂಟೆಯ ಬಸ್ಸಿಗೆ ಹೋಗಬೇಕು" ಎಂದು ಒಳಗಿನಿಂದ ಕೂಗಿದರು.

"ಒಣಗಿದ ಮೇಲೆ ಹೋಗ್ಬೋದುಂಗ" ಎಂದು ಕರಿಯಪ್ಪ ಈಚೆ ಬದಿಯಿಂದ ಬಹಳ ಮರ್ಯಾದೆಯಿಂದ ಹೇಳಿದರು.

ನಮ್ಮ ಲೆಕ್ಕಾಚಾರ ಹೀಗಿತ್ತು. ಬಾಗಿಲ ಚೌಕಟ್ಟಿನಲ್ಲಿ ಪಾವಿನ ಪಕ್ಕ ನಡೆಯಲು ಜಾಗವಿಲ್ಲ. ಆದ್ದರಿಂದ ಪ್ರತಿ ಮನೆಯೊಳಗೆ ಬದಿಗೊಬ್ಬರಂತೆ ಇಬ್ಬರು ನಿಂತು ತಮ್ಮ ಮನೆಯಷ್ಟು ಬಾಚಿ, ಬಾಗಿಲಿನಲ್ಲಿ ಕುಂಚಿಗೆಯನ್ನು ಪಾವಿನ ಮೇಲಿಂದಲೇ ಮುಂದಿನವರಿಗೆ ದಾಟಿಸಬೇಕು. ಎರಡನೆಯ ಮನೆಯಲ್ಲಿ ಆಚೆ ಬದಿಗೆ ನಂಜಕ್ಕ. ಮೂರನೆಯ ಮನೆಯಲ್ಲಿ ಈಚೆ ಬದಿಗೆ ಕರಿಯಪ್ಪ. ಆಚೆ ಬದಿಗೆ ನಿಲ್ಲಬೇಕಾದವನು ನಾನು. ಸಾಹೇಬರು ಬಂದ ಗಡಿಬಿಡಿಯಲ್ಲಿ ನಾನು ಅವರ ಚೀಲ ಹಿಡಿದುಕೊಂಡು ಹೊರಗೇ ನಿಂತುಬಿಟ್ಟಿದ್ದೆ. ಕುಂಚಿಗೆ ಮೊದಲ ಮನೆ ದಾಟಿತು, ಎರಡನೆಯ ಮನೆ ದಾಟಿತು, ಮೂರನೆಯ ಮನೆಯ ಬಾಗಿಲಿಗೆ ಬಂತು. ಗಂಜಿ ಕಾಯುವುದಿಲ್ಲ. ನಾಲ್ಕು ನಿಮಿಷ ನಿಂತರೆ ಪಾವು ಅಲ್ಲಿಯೇ ಗಂಟು ಕಟ್ಟಿ ಹಾಳಾಗುತ್ತದೆ. ನೂಲೂ ಅಷ್ಟೇ ಇದ್ದದ್ದು.

ಆ ಬದಿಯಲ್ಲಿದ್ದದ್ದು ಒಬ್ಬರೇ.

"ಸಾಮಿ, ಬೂಟು ಕಳಚಿ. ಇದನ್ನ ಹಿಡೀರಿ" ಎಂದು ನಂಜಕ್ಕ ಎರಡನೆಯ ಮನೆಯಿಂದ ಕೂಗಿದರು. ಅದು ಬೇಡಿಕೆಯ ದನಿಯಾಗಿರಲಿಲ್ಲ, ಬೀದಿಯಲ್ಲಿ ಪಾವು ಹಿಡಿದವರೆಲ್ಲರ ದನಿ. ವರದರಾಜುಲು ಬೂಟು ಕಳಚಿದರು. ಕುಂಚಿಗೆಯ ತುದಿ ಹಿಡಿದರು. ಎದುರಿಗೆ ನಮ್ಮಪ್ಪನ ಕನ್ನಡಕದೊಳಗಿಂದ ಕರಿಯಪ್ಪನವರ ಎರಡು ದೊಡ್ಡ ಕಣ್ಣು.

"ಒತ್ತಬೇಡಿ ಸಾಮಿ, ಅದು ಎಮ್ಮೆ ಮೈ ಅಲ್ಲ."

"ಸರಿ."

"ನನ್ನ ಕೂಡ ಹೆಜ್ಜೆ ಹಾಕಿ. ಓಡ್ಬೇಡಿ. ಪೋಚ್ಚು, ಏಳು ಎಳೆ ಕಡೀತು! ನಿಲ್ಲಿ, ಕಟ್ತೀನಿ."

"ಆಯ್ತಪ್ಪ, ಬೈಯಬೇಡ."

ಹೊರಗೆ ನಿಂತಿದ್ದ ನಾನು ಸಾಹೇಬರ ಚೀಲವನ್ನು ಎದೆಗೆ ಅವುಚಿಕೊಂಡೆ. ಜಿಲ್ಲೆಯಲ್ಲಿ ಯಾರೂ ಅವರಿಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಎರಡನೆಯ ಸುತ್ತಿಗೆ ಮೂರು ಎಳೆ ಮಾತ್ರ ಕಡಿಯಿತು. ನಾಲ್ಕನೆಯ ಸುತ್ತಿಗೆ ಒಂದೂ ಇಲ್ಲ. ಐದನೆಯದಕ್ಕೆ ಕುಂಚಿಗೆಯನ್ನು ಬಾಗಿಲಿನಲ್ಲಿ ದಾಟಿಸುವಾಗ ಅವರು ನಂಜಕ್ಕನಿಗೆ, "ಬೇಗ ಕೊಡಮ್ಮ, ಗಂಜಿ ಆರುತ್ತದೆ" ಎಂದು ಗದರಿಸಿದರು. ನಾಲ್ಕೂ ಮನೆಯವರು ಗೊಳ್ಳೆಂದು ನಕ್ಕರು. ಅವರಿಗೂ ನಗು ತಡೆಯಲಾಗಲಿಲ್ಲ. ಬಿಳಿ ಪ್ಯಾಂಟಿನ ಮೊಣಕಾಲವರೆಗೆ ಗಂಜಿ, ಮೂಗಿನ ಮೇಲೊಂದು ತೊಟ್ಟು.

ನೀರಿನ ಮೇಲಿಂದ ಬಂದ ಗಾಳಿ ಒಂದು ತುದಿಯ ಬಾಗಿಲಿನಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತಿತ್ತು. ಹಳೆಯ ಬೀದಿಯಲ್ಲಿ ಬಿಸಿಲು ಏರಿದರೆ ಎಳೆ ಬಿರುಸಾಗಿ ಕಡಿಯುತ್ತಿದ್ದವು. ಇಲ್ಲಿ ನೆರಳು, ಮೇಲೆ ತಣ್ಣನೆ ಗಾಳಿ, ಪಾವು ನಿಧಾನವಾಗಿ ರೇಷ್ಮೆಯಷ್ಟು ನಯವಾಗಿ ಒಣಗಿತು. ಕರಿಯಪ್ಪನವರು ಅಂಗೈ ಸವರಿ ನೋಡಿದರು, ಇನ್ನೊಮ್ಮೆ ಸವರಿದರು. ಅವರ ತಾತನೂ ಒಪ್ಪಿದರೆಂದು ನಾನು ತಿಳಿದುಕೊಂಡೆ.

ಹತ್ತೂವರೆಗೆ ಸೂಪರ್‌ವೈಸರು ಹೊರಗೆ ಬಂದರು. ಒಂಬತ್ತರ ಬಸ್ಸಿನ ಮಾತು ಎತ್ತಲಿಲ್ಲ. ಮಜ್ಜಿಗೆ ಕುಡಿದರು, ಆಮೇಲೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಫೈಲು ಬಿಚ್ಚಿದರು.

"ಇಲ್ಲಿ 'ಬೀದಿ' ಅಂತ ಒಂದು ಕಾಲಂ ಇದೆ. ಹೋದ ಸಲ 'ಇಲ್ಲ' ಅಂತ ಬರೆದಿದ್ದೆ. ಈಗ ಏನು ಬರೆಯಲಿ? ಬೀದಿ ಎಲ್ಲಮ್ಮಾ?" ಎಂದು ನಂಜಕ್ಕನನ್ನು ಕೇಳಿದರು.

"ಇದೇನು ಸಾಮಿ, ಬೆಳಗಿಂದ ನೀವು ನಿಂತಿದ್ದು ಎಲ್ಲಿ?" ಎಂದರು ನಂಜಕ್ಕ.

ಅವರು ಎಂಟು ಬಾಗಿಲುಗಳ ಗೆರೆಯನ್ನು ಒಮ್ಮೆ ನೋಡಿದರು. ಪೆನ್ನು ತೆಗೆದು 'ಇಲ್ಲ' ಎಂಬುದನ್ನು ಹೊಡೆದುಹಾಕಿ ಏನೋ ಬರೆದರು. ನಮಗೆ ತೋರಿಸಲಿಲ್ಲ. ಪರಿಸಲಿನಲ್ಲಿ ಹೋಗುವಾಗ ಕಣ್ಣು ತೆರೆದುಕೊಂಡೇ ಹೋದರು ಎಂದು ಮಾರಿಮುತ್ತು ಆಮೇಲೆ ಹೇಳಿದ. ಮಾರಿಮುತ್ತು ತಾನಾಗಿ ಒಂದು ಸುದ್ದಿ ಹೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ.

ಎರಡು ವಾರದ ನಂತರ ನೂಲಿನ ಮೂಟೆಗಳು ಬಂದವು, ಹನ್ನೊಂದು ಮಗ್ಗಕ್ಕೂ. ಪ್ರತಿ ಮೂಟೆಯ ಮೇಲೂ ಕಪ್ಪು ಶಾಯಿಯಲ್ಲಿ ತಮಿಳಿನಲ್ಲಿ ವಿಳಾಸ ಬರೆದಿತ್ತು. ನಂಜಕ್ಕನಿಗೆ ತಮಿಳೂ ಓದಲು ಬರದು, ಕನ್ನಡವೂ ಬರದು. ಓದು ಎಂದರು. "ಬಾಗಿಲು ಬೀದಿ, ನಡುಮೇಡು" ಎಂದು ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಅವರು ಮೂಟೆಯ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, "ಎಲ್ಲಾ ಮೂಟೆ ಮೇಲೂ ಅದೇ ಇದೆಯಾ ನೋಡು ತಂಬಿ" ಎಂದರು. ಹನ್ನೊಂದನ್ನೂ ಒಂದೊಂದಾಗಿ ಓದಿಸಿಕೊಂಡರು. ಹನ್ನೊಂದನೆಯದನ್ನು ನಾನು ಬಾಯಿ ತೆರೆಯುವ ಮೊದಲೇ ಅವರೇ ಬಾಯಿಪಾಠದಿಂದ ಹೇಳಿದರು.

ಮಗ್ಗದಿಂದ ಇಳಿದ ಮೊದಲ ಟವಲನ್ನು ನಂಜಕ್ಕ ನನಗೆ ಕೊಟ್ಟರು. ಬಿಳಿ, ಎರಡು ಬದಿಗೆ ನಾಲ್ಕು ಬೆರಳು ಕೆಂಪು ಅಂಚು. "ಮುಂದಿನ ಸಲ ಬಂದಾಗ ತಾಳೆಮರಕ್ಕೆ ಇದನ್ನೇ ಕಟ್ಟು. ಪೂರಾ ಬಿಳಿ ಕಟ್ಟಿದ್ರೆ ಯಾರೋ ಒಬ್ಬ ಬಂದವ್ನೆ ಅನ್ಕೋತೀವಿ. ಪೂರಾ ಕೆಂಪು ಕಟ್ಟಿದ್ರೆ ಹೊಡೀತೀನಿ. ಇದನ್ನ ಕಟ್ಟಿದ್ರೆ ನಮ್ಮವನು ಬಂದ ಅಂತ ಎರಡು ಪರಿಸಲೂ ಬರ್ತವೆ" ಎಂದರು. ಆಮೇಲೆ ಅಲ್ಲಿಗೆ ಎಷ್ಟೋ ವರ್ಷ ಹೋದೆ. ಪ್ರತಿ ಸಲವೂ ಎರಡೂ ಪರಿಸಲ್ ಬಂದವು.

ಆ ಟವಲು ನನ್ನಲ್ಲಿ ಇದೆ. ತೊಳೆದು ತೊಳೆದು ಕೆಂಪು ಸ್ವಲ್ಪ ಮಾಸಿದೆ, ಎಳೆ ಒಂದೂ ಕಡಿದಿಲ್ಲ. ನಿಮ್ಮಲ್ಲಿ ಯಾರನ್ನಾದರೂ ಆ ಕಡೆಗೆ ಹಾಕಿದರೆ ನಮ್ಮ ಮನೆಗೆ ಬನ್ನಿ, ಕೊಡುತ್ತೇನೆ. ಅನ್ನೂರಿನಲ್ಲಿ ಇಡ್ಲಿ ತಿನ್ನಿ, ಕೊಡೆ ಮನೆಯಲ್ಲೇ ಬಿಡಿ, ದಡದಲ್ಲಿ ಇದನ್ನು ಕಟ್ಟಿ ನಿಂತುಕೊಳ್ಳಿ. ಪರಿಸಲ್ ಎರಡು ಬಂದವೋ ಒಂದೋ ಎಂದು ತಿರುಗಿ ಬಂದು ನನಗೆ ಹೇಳಬೇಕು.